ಕಿಡಿ ಹಾರುವ ಗಳಿಗೆ

ಕನ್ನಡ ಪಾಠ ಹೇಳಿ ನಿವೃತ್ತನಾದವನು ಮೋಟಾರು ಎಂಜಿನ್ನಿನ ವಿಷಯ ಮಾತನಾಡಲು ಹೊರಟರೆ ಕೇಳುಗರಿಗೆ ಅನುಮಾನ ಬರುವುದು ಸಹಜ. ನನ್ನ ಅಧಿಕಾರಕ್ಕೆ ಆಧಾರ ಎರಡೇ: ತಂದೆಯವರು ಬಿಟ್ಟುಹೋದ 1972ರ ಅಂಬಾಸಿಡರ್ ಕಾರು ಒಂದು, ಒಮ್ಮೆ ಮುರಿದು ಕೂಡಿಕೊಂಡ ನನ್ನ ಬಲ ಮಣಿಕಟ್ಟು ಇನ್ನೊಂದು.

ಎಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರುತ್ತ ಪೆಟ್ರೋಲು ಬೆರೆತ ಗಾಳಿಯನ್ನು ಒತ್ತುತ್ತದೆ. ಪ್ಲಗ್ಗಿನಲ್ಲಿ ಕಿಡಿ ಹಾರಿ ಆ ಮಿಶ್ರಣ ಉರಿಯುತ್ತದೆ. ಆ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಆದರೆ ಉರಿ ಹಬ್ಬಲು ಕಾಲ ಬೇಕು. ನಿಮಿಷಕ್ಕೆ 600 ಸುತ್ತು ತಿರುಗುವ ಎಂಜಿನ್ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ನಾಲ್ಕು ಡಿಗ್ರಿಯೂ ತಿರುಗದು. 3000 ಸುತ್ತಿನ ವೇಗದಲ್ಲಿ ಅದೇ ಅವಧಿಗೆ 18 ಡಿಗ್ರಿ ಸರಿದಿರುತ್ತದೆ. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ವೇಗ ಹೆಚ್ಚಿದಷ್ಟೂ ಇನ್ನೂ ಮೊದಲು. ಎಷ್ಟು ಮೊದಲು ಎಂಬುದನ್ನು ನಿಶ್ಚಯಿಸುವವರು ಯಾರು? ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ದೊರೆತಿದೆ.

1880ರ ದಶಕದಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ತಮ್ಮ ಎಂಜಿನ್ನಿನಲ್ಲಿ ಕಿಡಿಯನ್ನೇ ಇಟ್ಟಿರಲಿಲ್ಲ. ಹೊರಗಿನ ಉರಿಯಿಂದ ಕೆಂಪಗೆ ಕಾಯಿಸಿದ ಕೊಳವೆಯೊಂದು ಮಿಶ್ರಣವನ್ನು ಹೊತ್ತಿಸುತ್ತಿತ್ತು. ಗಳಿಗೆಯ ಮೇಲೆ ಚಾಲಕನಿಗೆ ಹಿಡಿತವಿರಲಿಲ್ಲ. ಕಾರ್ಲ್ ಬೆಂಜ್ ವಿದ್ಯುತ್ತಿನ ಕಿಡಿಯನ್ನು ನಂಬಿದರು. 1902ರಲ್ಲಿ ಬಾಷ್ ಸಂಸ್ಥೆಯ ಗಾಟ್ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ರೂಪಿಸಿದರು. ಕಾಯ್ದ ಕೊಳವೆ ಹಿಂದೆ ಸರಿಯಿತು. ಗಳಿಗೆಯ ಹೊಣೆ ಕ್ರಮೇಣ ಚಾಲಕನ ಕೈಗೆ ಬಂದಿತು. 1908ರಲ್ಲಿ ಹೊರಬಂದ ಫೋರ್ಡ್ ಟಿ ಮಾದರಿಯಲ್ಲಿ ಸ್ಟಿಯರಿಂಗ್ ಚಕ್ರದ ಕೆಳಗೆ ಎರಡು ಲಿವರುಗಳಿದ್ದವು. ಬಲಗಡೆಯದು ಪೆಟ್ರೋಲಿಗೆ, ಎಡಗಡೆಯದು ಕಿಡಿಗೆ. ಏರಿನಲ್ಲಿ ಎಂಜಿನ್ ಏದುಸಿರುಬಿಟ್ಟರೆ ಕಿಡಿಯನ್ನು ತಡಮಾಡುವುದು, ಸಮದಾರಿಯಲ್ಲಿ ಮುಂಚಿತಮಾಡುವುದು, ಎಲ್ಲವೂ ಚಾಲಕನ ಕಿವಿಯ ಮೇಲೆಯೇ ನಿಂತಿತ್ತು.

ಹ್ಯಾಂಡಲ್ ಹೊಡೆಯುವ ಮುನ್ನ ಕಿಡಿಯನ್ನು ತಡಮಾಡಲು ಮರೆತನೋ, ಪಿಸ್ಟನ್ ತುದಿ ಮುಟ್ಟುವ ಮೊದಲೇ ಮಿಶ್ರಣ ಉರಿದು ಎಂಜಿನ್ ಹಿಂದಕ್ಕೆ ಒದೆಯುತ್ತಿತ್ತು. ಆ ಒದೆತಕ್ಕೆ ಮುರಿದ ಕೈಗಳು ಲೆಕ್ಕವಿಲ್ಲದಷ್ಟು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಈ ಚರಿತ್ರೆಯಲ್ಲಿ ಎರಡು ಬಾರಿ ಬರುತ್ತಾರೆ. ಬ್ಯಾಟರಿ, ಕಾಯಿಲ್, ತೆರೆದು ಮುಚ್ಚುವ ಪಾಯಿಂಟು ಇವುಗಳ ಅವರ ಏರ್ಪಾಡು 1910ರ ಕ್ಯಾಡಿಲಾಕ್ ಕಾರಿಗೆ ಬಂದಿತು. ಅವರದೇ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕಿಗೆ. ಮುಂದೆ ಡಿಸ್ಟ್ರಿಬ್ಯೂಟರಿನೊಳಗೆ ಸ್ಪ್ರಿಂಗು ಕಟ್ಟಿದ ಎರಡು ತೂಕಗಳು ಸೇರಿದವು. ವೇಗ ಹೆಚ್ಚಿದಾಗ ಅವು ಹೊರಕ್ಕೆ ಸರಿದು ತಾವೇ ಕಿಡಿಯನ್ನು ಮುಂಚಿತಮಾಡುತ್ತವೆ. ಚಾಲಕನ ಎಡಗೈಯ ಕೆಲಸ ಬಾನೆಟ್ಟಿನ ಕೆಳಗೆ ಮರೆಯಾಯಿತು. ಆರಂಭದ ಗಳಿಗೆಯೊಂದನ್ನು ಮಾತ್ರ ಮನುಷ್ಯನೇ ಗೊತ್ತುಮಾಡಬೇಕಾಗಿ ಉಳಿಯಿತು.

ಅದನ್ನು ನಾನು ಕಲಿತದ್ದು ನಮ್ಮೂರಿನ ಮೇಸ್ತ್ರಿಯೊಬ್ಬರಿಂದ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಸಂತಾನ. ಗುಟ್ಟು ಮುಚ್ಚಿಡುವ ಎಂಜಿನ್ನಲ್ಲ. ಮೊದಲು ಪಾಯಿಂಟುಗಳ ಸಂದನ್ನು ಫೀಲರ್ ಗೇಜಿನಿಂದ ಇಂಚಿನ ಸಾವಿರದಲ್ಲಿ 15 ಪಾಲಿಗೆ ತರಬೇಕು. ಸಂದು ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಆಮೇಲೆ ಗೇರು ಬಿಡಿಸಿ, ಒಂದನೆಯ ಸಿಲಿಂಡರಿನ ಪ್ಲಗ್ ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿ, ಇನ್ನೊಬ್ಬರಿಗೆ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಲು ಹೇಳಬೇಕು. ಗಾಳಿ ಬೆರಳನ್ನು ದಬ್ಬಿದರೆ ಪಿಸ್ಟನ್ ಒತ್ತುತ್ತ ಮೇಲೇರುತ್ತಿದೆ ಎಂದರ್ಥ. ಮುಂದಿನ ಪುಲ್ಲಿಯ ಕಚ್ಚು ಕೈಪಿಡಿ ಹೇಳಿದ ಗುರುತಿಗೆ ಬಂದಾಗ ನಿಲ್ಲಿಸಬೇಕು. 12 ವೋಲ್ಟಿನ ಬಲ್ಬಿನ ಒಂದು ತಂತಿಯನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ತಂತಿಯ ತುದಿಗೂ ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೂ ಕೊಟ್ಟು, ಸ್ವಿಚ್ ಹಾಕಿ, ಬೋಲ್ಟು ಸಡಿಲಿಸಿದ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ, ಪಾಯಿಂಟು ತೆರೆದ ಕ್ಷಣದಲ್ಲಿ ಬಲ್ಬು ಹತ್ತುತ್ತದೆ. ಅಲ್ಲಿಗೆ ಬಿಗಿಯಬೇಕು.

1988ರ ಜುಲೈನಲ್ಲಿ ಇಷ್ಟನ್ನೂ ನಾನೊಬ್ಬನೇ ಮಾಡಿದೆ. ಪುಲ್ಲಿಯ ಗುರುತನ್ನು ಮಾತ್ರ ತಪ್ಪಾಗಿ ಓದಿದೆ. ಕಿಡಿ ಬಹಳ ಮುಂಚಿತವಾಗಿತ್ತು. ಬ್ಯಾಟರಿ ಸೋತದ್ದರಿಂದ ಹ್ಯಾಂಡಲ್ ಹೊಡೆದೆ. “ಹೆಬ್ಬೆರಳನ್ನು ಹಿಡಿಗೆ ಸುತ್ತಬೇಡಿ ಮೇಷ್ಟ್ರೇ, ನಾಲ್ಕು ಬೆರಳಿನ ಜೊತೆಗೇ ಇರಲಿ” ಎಂದು ಮೇಸ್ತ್ರಿ ಹೇಳಿದ್ದು ನೆನಪಾದದ್ದು ಮಣಿಕಟ್ಟು ಮುರಿದ ಮೇಲೆ. ಎಂಬತ್ತು ವರ್ಷ ಹಿಂದಿನ ಫೋರ್ಡ್ ಚಾಲಕರ ಪಾಡು ನನಗೂ ಒದಗಿತು. ಆರು ವಾರ ಷಟ್ಪದಿಯ ಪ್ರಸ್ತಾರವನ್ನು ಎಡಗೈಯಿಂದಲೇ ಕರಿಹಲಗೆಯ ಮೇಲೆ ಬರೆದೆ. ಮಾತ್ರೆ ತಪ್ಪಿದವನೇ ಮಾತ್ರೆಯ ಪಾಠ ಹೇಳುತ್ತಿದ್ದಾನೆಂದು ಹುಡುಗರಿಗೆ ತಿಳಿದಿರಲಿಲ್ಲ. ಮೇಸ್ತ್ರಿ ಬಂದು ಪುಲ್ಲಿಯನ್ನು ನೋಡಿ, ನನ್ನ ಕೈಯನ್ನು ನೋಡಿ, ಏನೂ ಹೇಳದೆ ಸರಿಪಡಿಸಿ ಹೋದರು. ಬಲ್ಬನ್ನು ನನ್ನಲ್ಲೇ ಬಿಟ್ಟರು.

ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಇಂದಿನ ಕಾರುಗಳಲ್ಲಿ ಪ್ರತಿ ಕಿಡಿಯ ಗಳಿಗೆಯನ್ನೂ ಪುಟ್ಟ ಕಂಪ್ಯೂಟರು ಲೆಕ್ಕಹಾಕುತ್ತದೆ. ನನ್ನ ಮಗನ ಕಾರಿನ ಬಾನೆಟ್ಟು ತೆರೆದರೆ ಕೈಯಿಂದ ತಿರುಗಿಸಲು ಏನೂ ಇಲ್ಲ. ನಮ್ಮದರಲ್ಲಿ ಪಾಯಿಂಟಿನ ಹಿಮ್ಮಡಿ ಸವೆದಂತೆ ಸಂದು ಕಿರಿದಾಗಿ ಕಿಡಿ ತಡವಾಗುತ್ತ ಬರುತ್ತದೆ. ಹಾಗಾಗಿ ವರ್ಷಕ್ಕೆರಡು ಸಲ ಮೇಸ್ತ್ರಿಯವರ ಬಲ್ಬನ್ನು ಹೊರತೆಗೆಯುತ್ತೇನೆ. ಕೊನೆಯಲ್ಲಿ ಹ್ಯಾಂಡಲ್ ಹೊಡೆಯಲು ಮಗ ನಿಲ್ಲುತ್ತಾನೆ. ಅವನ ಹೆಬ್ಬೆರಳು ಎಲ್ಲಿದೆಯೆಂದು ನೋಡಿದ ಮೇಲೆಯೇ ನಾನು ಸ್ವಿಚ್ ಹಾಕುವುದು.