ಶರಾವತಿಯ ಕಮರಿ

ತೀರ್ಥಹಳ್ಳಿಯ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಜೋಗದ ಬಳಿ ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳಾಗಿ 830 ಅಡಿ ಆಳದ ಕಮರಿಗೆ ಧುಮುಕುವಳು. ಈ ರಭಸವನ್ನು ವಿದ್ಯುಚ್ಛಕ್ತಿಯಾಗಿ ಮಾರ್ಪಡಿಸಲೆಂದು ಮೈಸೂರು ಸಂಸ್ಥಾನವು ನದಿಯ ಮೇಲ್ಗಡೆ ಹಿರೇಭಾಸ್ಕರದಲ್ಲಿ ಕಟ್ಟೆಯನ್ನು ಕಟ್ಟಿಸಿತು. 1948ರಲ್ಲಿ ವಿದ್ಯುದಾಗಾರವು ನಡೆಯತೊಡಗಿತು. ಅಷ್ಟರಿಂದ ನಾಡಿನ ಬೇಡಿಕೆಯು ತೀರಲಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಹಿರಿಯ ಕಟ್ಟೆಯು ಮುಗಿದು, ಅದರ ನೀರು ಹಳೆಯ ಕಟ್ಟೆಯನ್ನೇ ನುಂಗಿತು. ಅದರೊಡನೆ ಅಡಕೆಯ ತೋಟಗಳೂ ಗದ್ದೆಗಳೂ ಮನೆಮಠಗಳೂ ಮುಳುಗಿದುವು. ನೆಲೆತಪ್ಪಿದ ಹಲವು ಸಂಸಾರಗಳಿಗೆ ಹೊಸ ನೆಲದ ಹಕ್ಕುಪತ್ರವು ದಶಕಗಳು ಕಳೆದರೂ ದೊರೆಯಲಿಲ್ಲ. ಕಮರಿಯ ಅಂಚಿನಲ್ಲಿ ನಿಂತು ನಲಿಯುವವರಲ್ಲಿ ಇದನ್ನು ನೆನೆಯುವವರು ವಿರಳ. ಆ ನಲಿವಾದರೂ ಸ್ವತಂತ್ರವಲ್ಲ: ಜಲಾಶಯವು ತುಂಬಿ ಬಾಗಿಲುಗಳು ತೆರೆದಲ್ಲದೆ ಜೋಗದ ಪೂರ್ಣವೈಭವವು ಕಾಣದು. ಮಳೆ ಕೈಕೊಟ್ಟ ವರ್ಷದ ಕಡುಬೇಸಗೆಯಲ್ಲಿಯಾದರೋ, ಹಿರೇಭಾಸ್ಕರದ ಮುಳುಗಿದ ಕಟ್ಟೆಯು ನೀರಿನಿಂದ ಮತ್ತೆ ತಲೆಯೆತ್ತುವುದು.