ಇಡೀ ಕಾಲೇಜು ಊರು ಬೀದಿಗಿಳಿದ ಆ ಸೋಮವಾರ

ಇವತ್ತಿನ ಕತೆ ಆಲೂಗಡ್ಡೆಯಿಂದ ಶುರು.

1858ರ ಸೆಪ್ಟೆಂಬರ್ 13, ಸೋಮವಾರ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಓಬರ್ಲಿನ್ ಅನ್ನೋ ಒಂದು ಪುಟ್ಟ ಊರು. ಜಾನ್ ಪ್ರೈಸ್ ಅನ್ನೋ ಕಪ್ಪು ಯುವಕನ ಹತ್ತಿರ ಒಬ್ಬ ಹುಡುಗ ಕುದುರೆ ಗಾಡಿ ತಂದು ನಿಲ್ಲಿಸ್ತಾನೆ. ‘ನಮ್ಮ ಹೊಲದಲ್ಲಿ ಆಲೂಗಡ್ಡೆ ಅಗೆಯೋ ಕೆಲಸ ಇದೆ’ ಅಂತ ಮಾತು ತೆಗೀತಾನೆ. ಜಾನ್‌ಗೆ ಆರೋಗ್ಯ ಅಷ್ಟಕ್ಕಷ್ಟೆ, ಕೈಯಲ್ಲಿ ಕಾಸಿಲ್ಲ. ಗುರುತಿನ ಹುಡುಗ ತಾನೇ ಅಂತ ಗಾಡಿ ಹತ್ತಿ ಕೂತ್ಕೋತಾನೆ. ಊರು ದಾಟಿ ಸ್ವಲ್ಪ ದೂರ ಹೋಗೋದರಲ್ಲಿ ಹಿಂದಿನಿಂದ ಇನ್ನೊಂದು ಗಾಡಿ ಬರುತ್ತೆ. ಅದರಲ್ಲಿದ್ದ ಮೂವರು ಗಂಡಸರು ಜಾನ್‌ನ ಎಳೆದು ತಮ್ಮ ಗಾಡಿಗೆ ಹಾಕಿಕೊಳ್ತಾರೆ. ಈ ಕೆಲಸಕ್ಕೆ ಆ ಹುಡುಗನಿಗೆ ಸಿಕ್ಕ ಕೂಲಿ 20 ಡಾಲರ್. ಅವನಿಗಿನ್ನೂ ಹದಿಮೂರರ ಆಸುಪಾಸಿನ ವಯಸ್ಸು. ಹೆಸರು ಶೇಕ್ಸ್‌ಪಿಯರ್ ಬಾಯ್ಂಟನ್. ಹೌದು, ಶೇಕ್ಸ್‌ಪಿಯರ್!

ಜಾನ್ ಯಾರು? ದಕ್ಷಿಣಕ್ಕಿರೋ ಕೆಂಟಕಿ ರಾಜ್ಯದಿಂದ, ಎರಡೂವರೆ ವರ್ಷ ಮೊದಲು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ್ದ ಒಹಾಯೊ ನದಿ ದಾಟಿ ಓಡಿ ಬಂದ ಗುಲಾಮ. ಕೆಂಟಕಿಯಲ್ಲಿ ಗುಲಾಮಗಿರಿ ಕಾನೂನುಬದ್ಧ, ಒಹಾಯೊದಲ್ಲಿ ನಿಷಿದ್ಧ. ಹಾಗಾದ್ರೆ ನದಿ ದಾಟಿದ ಮೇಲೆ ಅವನು ಸ್ವತಂತ್ರ ಆಗಬೇಕಲ್ವಾ? ಆಗ್ತಾ ಇರಲಿಲ್ಲ. ಯಾಕೆ ಅಂತ ಹೇಳೋಕೆ ಮುಂಚೆ ಈ ಊರಿನ ಬಗ್ಗೆ ಸ್ವಲ್ಪ ಹೇಳಬೇಕು.

ಕಾಡಿನ ಮಧ್ಯೆ ಹುಟ್ಟಿದ ಕಾಲೇಜು

ಓಬರ್ಲಿನ್‌ನಲ್ಲಿ ಊರು ಮೊದಲಿದ್ದು ಕಾಲೇಜು ಆಮೇಲೆ ಬಂದಿದ್ದಲ್ಲ. ಎರಡೂ ಒಟ್ಟಿಗೇ ಹುಟ್ಟಿದವು. 1833ರಲ್ಲಿ ಜಾನ್ ಶಿಫರ್ಡ್ ಅನ್ನೋ ಪಾದ್ರಿ ಮತ್ತು ಅವರ ಗೆಳೆಯ ಫೈಲೊ ಸ್ಟುವರ್ಟ್ ಜೌಗು ನೆಲದ ಕಾಡು ಕಡಿಸಿ ಊರು ಕಟ್ಟಿದರು. ವಿದ್ಯಾರ್ಥಿಗಳು ದಿನಕ್ಕೆ ಕೆಲವು ಗಂಟೆ ಮೈಮುರಿದು ದುಡಿದು, ಅದರಿಂದ ಓದಿನ ಖರ್ಚು ಹೊಂದಿಸಿಕೊಳ್ಳಬೇಕು ಅನ್ನೋದು ಯೋಜನೆ. ಆದರ್ಶ ಜೋರಾಗಿತ್ತು, ದುಡ್ಡು ಮಾತ್ರ ಇರಲಿಲ್ಲ. ಎರಡೇ ವರ್ಷಕ್ಕೆ ಕಾಲೇಜು ಮುಳುಗೋ ಸ್ಥಿತಿಗೆ ಬಂತು.

ಅದೇ ಹೊತ್ತಿಗೆ ಸಿನ್ಸಿನಾಟಿ ನಗರದ ಲೇನ್ ಸೆಮಿನರಿಯಲ್ಲಿ ಒಂದು ಗಲಾಟೆ. 1834ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಗುಲಾಮಗಿರಿ ಸರಿಯೋ ತಪ್ಪೋ ಅಂತ ರಾತ್ರಿಗಟ್ಟಲೆ ಚರ್ಚೆ ಮಾಡಿದರು. ಆಡಳಿತ ಮಂಡಳಿ ‘ಇಂಥ ಚರ್ಚೆಯೇ ಬೇಡ’ ಅಂತ ಬಾಯಿ ಮುಚ್ಚಿಸೋಕೆ ಹೋಯ್ತು. ಹುಡುಗರು ಗುಂಪಾಗಿ ಕಾಲೇಜು ಬಿಟ್ಟು ಹೊರಟರು. ಶಿಫರ್ಡ್ ಅವರನ್ನ ಓಬರ್ಲಿನ್‌ಗೆ ಕರೆದರು. ‘ಬರ್ತೀವಿ, ಆದ್ರೆ ಮಾತಾಡೋ ಸ್ವಾತಂತ್ರ್ಯ ಬೇಕು. ಬಣ್ಣ ನೋಡದೆ ಎಲ್ಲರಿಗೂ ಸೀಟು ಕೊಡಬೇಕು’ ಅಂದರು ಹುಡುಗರು. ಅವರ ಜೊತೆ ನ್ಯೂಯಾರ್ಕಿನ ಶ್ರೀಮಂತ ವ್ಯಾಪಾರಿ ಆರ್ಥರ್ ಟ್ಯಾಪನ್ ಅವರ ಹಣವೂ ಬರ್ತಿತ್ತು.

ಓಬರ್ಲಿನ್ ಜನ ತಕ್ಷಣ ಚಪ್ಪಾಳೆ ಹೊಡೆದು ಒಪ್ಪಿಕೊಂಡರು ಅಂತ ಅಂದ್ಕೊಂಡ್ರಾ? ಇಲ್ಲ. ಅಲ್ಲಿದ್ದ ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿದಾಗ ವಿರೋಧಿಸಿದವರೇ ಸ್ವಲ್ಪ ಜಾಸ್ತಿ. ಟ್ರಸ್ಟಿಗಳು ಕೂತಾಗ ಮತಗಳು ಸಮಸಮ. ಕೊನೆಗೆ 1835ರ ಫೆಬ್ರವರಿಯಲ್ಲಿ ಅಧ್ಯಕ್ಷ ಜಾನ್ ಕೀಪ್ ಅವರ ಒಂದೇ ಒಂದು ಮತದಿಂದ ಬಾಗಿಲು ತೆರೀತು. 1837ರಲ್ಲಿ ಹೆಣ್ಣುಮಕ್ಕಳಿಗೂ ಗಂಡಸರ ಪದವಿ ತರಗತಿಯಲ್ಲೇ ಜಾಗ ಸಿಕ್ಕಿತು. 1862ರಲ್ಲಿ ಇಲ್ಲೇ ಮೇರಿ ಜೇನ್ ಪ್ಯಾಟರ್ಸನ್ ಬಿ.ಎ. ಮುಗಿಸಿದರು. ಅಮೆರಿಕದಲ್ಲಿ ಆ ಪದವಿ ಪಡೆದ ಮೊದಲ ಕಪ್ಪು ಮಹಿಳೆ ಅವರು ಅಂತಲೇ ಗುರುತಿಸ್ತಾರೆ.

ಇದರಿಂದ ಊರಿನ ದಿನನಿತ್ಯದ ಬದುಕೇ ಬದಲಾಯ್ತು. ಕಾಲೇಜಿಗೆ ಕಪ್ಪು ವಿದ್ಯಾರ್ಥಿಗಳು ಬಂದರು, ಅವರ ಹಿಂದೆ ಕುಟುಂಬಗಳು ಬಂದವು. ಬಡಗಿಗಳು, ಕುದುರೆ ಜೀನು ಹೊಲಿಯೋರು, ಅಂಗಡಿಯವರು ಬಂದು ನೆಲೆಸಿದರು. ಒಂದೇ ಚರ್ಚು, ಒಂದೇ ಶಾಲೆ, ಒಂದೇ ಪುಸ್ತಕದಂಗಡಿ. ದಕ್ಷಿಣದಿಂದ ತಪ್ಪಿಸಿಕೊಂಡು ಬಂದವರನ್ನ ಗುಟ್ಟಾಗಿ ಕೆನಡಾಕ್ಕೆ ದಾಟಿಸೋ ಜಾಲಕ್ಕೆ ‘ಅಂಡರ್‌ಗ್ರೌಂಡ್ ರೈಲ್‌ರೋಡ್’ ಅಂತ ಹೆಸರು. ಅದರಲ್ಲಿ ರೈಲೂ ಇರಲಿಲ್ಲ, ಹಳಿಯೂ ಇರಲಿಲ್ಲ. ಅಟ್ಟ, ಕೊಟ್ಟಿಗೆ, ಹುಲ್ಲಿನ ಗಾಡಿ, ಬಾಯಿ ಬಿಡದ ನೆರೆಹೊರೆ, ಇಷ್ಟೇ. ಓಬರ್ಲಿನ್ ಅದರ ಒಂದು ದೊಡ್ಡ ನಿಲ್ದಾಣ ಆಗಿತ್ತು.

ಐದು ಡಾಲರ್, ಹತ್ತು ಡಾಲರ್

ಈಗ ಕಾನೂನಿನ ವಿಷಯಕ್ಕೆ ಬರೋಣ. 1850ರಲ್ಲಿ ಅಮೆರಿಕದ ಸಂಸತ್ತು ಓಡಿಹೋದ ಗುಲಾಮರ ಕಾಯ್ದೆ ತಂತು. ಇದರ ಪ್ರಕಾರ ಗುಲಾಮ ದೇಶದ ಯಾವ ಮೂಲೆಗೆ ಓಡಿಹೋದರೂ ಅವನನ್ನ ಹಿಡಿದು ಮಾಲೀಕನಿಗೆ ಒಪ್ಪಿಸಬಹುದು. ಸಿಕ್ಕಿಬಿದ್ದವನಿಗೆ ತನ್ನ ಪರವಾಗಿ ಸಾಕ್ಷಿ ಹೇಳೋ ಹಕ್ಕೂ ಇಲ್ಲ. ವಿಚಾರಣೆ ಮಾಡೋ ಅಧಿಕಾರಿ ‘ಇವನು ಗುಲಾಮನೇ’ ಅಂದರೆ ಅವನಿಗೆ 10 ಡಾಲರ್ ಶುಲ್ಕ, ‘ಅಲ್ಲ’ ಅಂದರೆ 5 ಡಾಲರ್. ತಕ್ಕಡಿ ಯಾವ ಕಡೆ ವಾಲುತ್ತೆ ಅಂತ ನೀವೇ ಯೋಚಿಸಿ. ಓಡಿಬಂದವನಿಗೆ ಸಹಾಯ ಮಾಡಿದವರಿಗೆ 1000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು.

ಅಂದ್ರೆ ಜಾನ್‌ನ ಹಿಡಿದವರು ಕಾನೂನಿನ ಕಣ್ಣಲ್ಲಿ ಕಳ್ಳರಲ್ಲ. ಗಾಡಿಯಲ್ಲಿದ್ದ ಮೂವರಲ್ಲಿ ಸರ್ಕಾರಿ ಅಧಿಕಾರ ಪತ್ರ ಹಿಡಿದವರೂ ಇದ್ದರು. ಅವರನ್ನ ತಡೆಯೋರೇ ಅಪರಾಧಿಗಳು.

‘ಜಾನ್‌ನ ಹಿಡ್ಕೊಂಡು ಹೋದ್ರು’

ಗಾಡಿ ಹೊರಟಿದ್ದು ಸುಮಾರು 15 ಕಿಲೋಮೀಟರ್ ದೂರದ ವೆಲಿಂಗ್ಟನ್ ಕಡೆಗೆ. ಅಲ್ಲಿ ಸಂಜೆ ಐದೂ ಕಾಲಿನ ಹೊತ್ತಿಗೆ ದಕ್ಷಿಣಕ್ಕೆ ರೈಲು. ರೈಲು ಹತ್ತಿಸಿಬಿಟ್ಟರೆ ಕತೆ ಮುಗೀತು. ದಾರಿಯಲ್ಲಿ ಓಬರ್ಲಿನ್ ಕಾಲೇಜಿನ ವಿದ್ಯಾರ್ಥಿ ಆನ್ಸೆಲ್ ಲೈಮನ್ ಎದುರಾದ. ಜಾನ್ ‘ಕಾಪಾಡಿ’ ಅಂತ ಕೂಗಿಕೊಂಡ. ಲೈಮನ್ ಊರಿಗೆ ಬಂದು ಸುದ್ದಿ ಮುಟ್ಟಿಸಿದ.

ಆಗ ಫೋನಿಲ್ಲ, ಗ್ರೂಪಿಲ್ಲ, ಫಾರ್ವರ್ಡ್ ಇಲ್ಲ. ಆದರೂ ಒಂದು ಬಾಯಿಂದ ಇನ್ನೊಂದು ಬಾಯಿಗೆ ಸುದ್ದಿ ಬೆಂಕಿಯಂತೆ ಹಬ್ಬಿತು. ಪುಸ್ತಕದಂಗಡಿ ಗುಮಾಸ್ತ, ವಿದ್ಯಾರ್ಥಿಗಳು, ಕುಶಲಕರ್ಮಿಗಳು, ಕಪ್ಪವರು, ಬಿಳಿಯರು, ಸಿಕ್ಕಿದ ಗಾಡಿ ಹತ್ತಿ, ಸಿಕ್ಕಿದ ಕುದುರೆ ಏರಿ, ಏನೂ ಸಿಗದವರು ಕಾಲ್ನಡಿಗೆಯಲ್ಲೇ ವೆಲಿಂಗ್ಟನ್‌ಗೆ ಹೊರಟರು. ಕೆಲವರ ಕೈಯಲ್ಲಿ ಬಂದೂಕೂ ಇತ್ತು.

ವೆಲಿಂಗ್ಟನ್‌ನಲ್ಲಿ ಅವತ್ತು ಬೆಳಿಗ್ಗೆಯೇ ಬೆಂಕಿ ಅನಾಹುತವಾಗಿ ಜನ ಸೇರಿದ್ದರು. ಅವರ ಜೊತೆ ಓಬರ್ಲಿನ್ ಜನವೂ ಕೂಡಿ ನೂರಾರು ಮಂದಿ ವಾಡ್ಸ್‌ವರ್ತ್ ಹೋಟೆಲನ್ನ ಸುತ್ತುವರಿದರು. ಜಾನ್ ಮತ್ತು ಅವನನ್ನ ಹಿಡಿದವರು ಮೇಲಿನ ಅಟ್ಟದ ಕೋಣೆಯಲ್ಲಿ. ಗಂಟೆಗಳು ಕಳೆದವು. ಪತ್ರ ತೋರಿಸಿ ಅಂದರು, ತೋರಿಸಿದರು. ಮಾತುಕತೆ ನಡೀತು. ಚಾರ್ಲ್ಸ್ ಲ್ಯಾಂಗ್‌ಸ್ಟನ್ ಅನ್ನೋ ಕಪ್ಪು ಶಿಕ್ಷಕ ಕೈಮೀರದ ಹಾಗೆ ವಿಷಯ ಬಗೆಹರಿಸೋಕೆ ಮೇಲಕ್ಕೂ ಕೆಳಕ್ಕೂ ಓಡಾಡಿದರು. 1835ರಲ್ಲಿ ಓಬರ್ಲಿನ್ ಬಾಗಿಲು ತೆರೆದಾಗ ಒಳಗೆ ಬಂದ ಮೊದಲ ಕಪ್ಪು ಹುಡುಗರಲ್ಲಿ ಇವರೂ ಒಬ್ಬರು. ಮಾತುಕತೆಯಿಂದ ಏನೂ ಆಗಲಿಲ್ಲ.

ಕೊನೆಗೆ ಮುಂದಿನ ಬಾಗಿಲಿಂದ ಒಂದು ಗುಂಪು, ಹಿಂದಿನಿಂದ ಇನ್ನೊಂದು ಗುಂಪು ನುಗ್ಗಿತು. ಲೈಮನ್, ದೇವತಾಶಾಸ್ತ್ರದ ವಿದ್ಯಾರ್ಥಿ ರಿಚರ್ಡ್ ವಿನ್ಸರ್ ಮತ್ತು ಇತರರು ಅಟ್ಟದ ಬಾಗಿಲು ದಾಟಿ ಜಾನ್‌ನ ಹೊರಗೆ ತಂದರು. ಜಾನ್ ಜನರ ಕೈಯಿಂದ ಕೈಗೆ ಸಾಗಿ ಮೆಟ್ಟಿಲಿಳಿದ. ಕೆಳಗೆ ಪುಸ್ತಕದಂಗಡಿ ಗುಮಾಸ್ತ ಸಿಮಿಯನ್ ಬುಶ್‌ನೆಲ್ ಗಾಡಿ ಸಿದ್ಧ ಮಾಡಿಕೊಂಡು ಕೂತಿದ್ದರು. ಜಾನ್‌ನ ಕೂರಿಸಿಕೊಂಡು ಓಬರ್ಲಿನ್ ಕಡೆ ಕುದುರೆ ಓಡಿಸಿದರು. ಇಷ್ಟು ಜನ, ಇಷ್ಟು ಬಂದೂಕು, ಆದರೂ ಒಂದು ಜೀವವೂ ಹೋಗಲಿಲ್ಲ.

ಓಬರ್ಲಿನ್‌ನಲ್ಲಿ ಜಾನ್‌ನ ಬಚ್ಚಿಟ್ಟಿದ್ದು ಪ್ರೊಫೆಸರ್ ಜೇಮ್ಸ್ ಫೇರ್‌ಚೈಲ್ಡ್ ಅವರ ಮನೆಯಲ್ಲಿ. ತೀರಾ ಸಾಧು, ಜಾಗ್ರತೆಯ ಮನುಷ್ಯ. ಅವರ ಮನೆ ಮೇಲೆ ಯಾರಿಗೆ ಅನುಮಾನ ಬರಬೇಕು? ಅಲ್ಲಿಂದ ಜಾನ್‌ನ ಕೆನಡಾಕ್ಕೆ ಕಳಿಸಿದರು. ಫೇರ್‌ಚೈಲ್ಡ್ ಮುಂದೆ ಅದೇ ಕಾಲೇಜಿನ ಅಧ್ಯಕ್ಷರಾದರು.

ಜೈಲಲ್ಲೊಂದು ಪತ್ರಿಕೆ

ಸರ್ಕಾರ ಸುಮ್ಮನಿರಲಿಲ್ಲ. 37 ಜನರ ಮೇಲೆ ಆರೋಪ ಹೊರಿಸಿತು. ಪ್ರೊಫೆಸರ್, ವಕೀಲ, ಪುಸ್ತಕ ವ್ಯಾಪಾರಿ, ವಿದ್ಯಾರ್ಥಿ, ಬಡಗಿ ಎಲ್ಲರೂ ಪಟ್ಟಿಯಲ್ಲಿ. 1859ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ವಿಚಾರಣೆ. ಮೊದಲು ಬುಶ್‌ನೆಲ್: 60 ದಿನ ಜೈಲು, 600 ಡಾಲರ್ ದಂಡ. ಆಮೇಲೆ ಲ್ಯಾಂಗ್‌ಸ್ಟನ್.

ಶಿಕ್ಷೆ ಹೇಳೋ ಮುಂಚೆ ಏನಾದರೂ ಹೇಳೋದಿದೆಯಾ ಅಂತ ನ್ಯಾಯಾಧೀಶರು ಲ್ಯಾಂಗ್‌ಸ್ಟನ್‌ರನ್ನ ಕೇಳಿದರು. ಅವರು ಎದ್ದು ನಿಂತು ಮಾತಾಡಿದ್ದು ಇವತ್ತಿಗೂ ಓದಬೇಕಾದ ಭಾಷಣ. ತನ್ನಂಥ ಕಪ್ಪು ಮನುಷ್ಯನಿಗೆ ಈ ಕೋರ್ಟಿನಲ್ಲಿ ಸಮಾನರಿಂದ ತೀರ್ಪು ಸಿಗೋಕೆ ಸಾಧ್ಯವೇ ಇಲ್ಲ ಅಂದರು. ನಾಳೆ ತನ್ನನ್ನೇ ಗುಲಾಮ ಅಂತ ಹಿಡಿದರೂ ಈ ಕಾಯ್ದೆಯಲ್ಲಿ ದಿಕ್ಕಿಲ್ಲ, ಆದ್ದರಿಂದ ಇಂಥ ಸಂದರ್ಭ ಬಂದರೆ ಮತ್ತೆ ಸಹಾಯ ಮಾಡೇ ಮಾಡ್ತೀನಿ ಅಂದರು. ಕೋರ್ಟಿನಲ್ಲಿ ಚಪ್ಪಾಳೆ. ಶಿಕ್ಷೆ 20 ದಿನಕ್ಕೆ, ದಂಡ 100 ಡಾಲರ್‌ಗೆ ಇಳಿಯಿತು.

ಉಳಿದವರಲ್ಲಿ ಓಬರ್ಲಿನ್‌ನ ಹಲವರು ಜಾಮೀನು ಬೇಡ ಅಂತ ಜೈಲಲ್ಲೇ ಕೂತರು. ಆಮೇಲೆ ನಡೆದಿದ್ದು ಸರ್ಕಾರ ಊಹಿಸದೇ ಇದ್ದದ್ದು. ಪ್ರೊಫೆಸರ್ ಹೆನ್ರಿ ಪೆಕ್ ಜೈಲಿನ ಅಂಗಳದಿಂದಲೇ ಉಪದೇಶ ಮಾಡಿದರು, ಹೊರಗೆ ಜನ ಕಿಕ್ಕಿರಿದು ಕೇಳಿದರು. ಭಾನುವಾರದ ಶಾಲೆಯ ಮಕ್ಕಳು ತಮ್ಮ ಮೇಷ್ಟ್ರನ್ನ ನೋಡೋಕೆ ಓಬರ್ಲಿನ್‌ನಿಂದ ಜೈಲಿಗೇ ಬಂದರು. ಮೇ 24ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಸಾವಿರಾರು ಜನರ ಸಭೆ, ರಾಜ್ಯಪಾಲ ಸಾಲ್ಮನ್ ಚೇಸ್ ಅವರೇ ಬಂದು ಮಾತಾಡಿದರು. ಜುಲೈ 4ಕ್ಕೆ ಕೈದಿಗಳು ಜೈಲೊಳಗಿಂದ ‘ದಿ ರೆಸ್ಕ್ಯೂಯರ್’ ಅನ್ನೋ ಪತ್ರಿಕೆ ಹೊರತಂದರು. ದೇಶದ ಸ್ವಾತಂತ್ರ್ಯ ದಿನದಂದೇ!

ಕಾನೂನಿನ ದಾರಿ ಮಾತ್ರ ಕೈಕೊಟ್ಟಿತು. ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ ಅಂತ ಒಹಾಯೊ ಸುಪ್ರೀಂ ಕೋರ್ಟಿಗೆ ಹೋದರೆ, 3-2ರಲ್ಲಿ ಸೋತರು. ಬಹುಮತದ ತೀರ್ಪು ಬರೆದ ಮುಖ್ಯ ನ್ಯಾಯಾಧೀಶ ಜೋಸೆಫ್ ಸ್ವಾನ್ ಅವರ ಮನಸ್ಸು ಗುಲಾಮರ ಕಡೆಗೇ ಇತ್ತು. ಆದರೆ ಪೀಠದಲ್ಲಿ ಕೂತವನು ಕಾನೂನು ಬಿಟ್ಟು ಹೋಗಬಾರದು ಅನ್ನೋದು ಅವರ ನಿಲುವು. ಅದಕ್ಕೆ ಅವರು ತೆತ್ತ ಬೆಲೆ ತಮ್ಮ ಹುದ್ದೆ. ಪಕ್ಷ ಅವರನ್ನ ಮತ್ತೆ ಚುನಾವಣೆಗೆ ನಿಲ್ಲಿಸಲಿಲ್ಲ. ಈ ಕತೆಯಲ್ಲಿ ಸುಲಭವಾಗಿ ಬೈಯೋಕಾಗದ ಒಬ್ಬ ಎದುರಾಳಿ ಅಂದ್ರೆ ಸ್ವಾನ್.

ಹಾಗಾದ್ರೆ ಬಿಡುಗಡೆ ಹೇಗಾಯ್ತು? ಊರವರು ಇನ್ನೊಂದು ಪಟ್ಟು ಹಾಕಿದ್ದರು. ಜಾನ್‌ನ ಹಿಡಿದ ನಾಲ್ವರ ಮೇಲೆ ಸ್ಥಳೀಯ ಜಿಲ್ಲೆಯಲ್ಲಿ ಅಪಹರಣದ ಕೇಸು ದಾಖಲಾಗಿತ್ತು. ಓಬರ್ಲಿನ್ ಪಕ್ಕದಲ್ಲೇ ವಿಚಾರಣೆ, ಜೂರಿಯೂ ಅಲ್ಲಿನವರೇ. ಏನಾಗುತ್ತೆ ಅಂತ ಆ ನಾಲ್ವರಿಗೂ ಗೊತ್ತಿತ್ತು. ಕೊನೆಗೆ ರಾಜಿ: ನೀವು ಕೇಸು ಬಿಡಿ, ನಾವೂ ಬಿಡ್ತೀವಿ. 1859ರ ಜುಲೈ 6ರಂದು ಕೈದಿಗಳು ಹೊರಬಂದರು.

ಅವತ್ತು ಸಂಜೆ ರೈಲು ಓಬರ್ಲಿನ್‌ಗೆ ಬಂದಾಗ ನಿಲ್ದಾಣದಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಅಲ್ಲಿಂದ ಎಲ್ಲರೂ ದೊಡ್ಡ ಚರ್ಚಿಗೆ ಹೋದರು. ಭಾಷಣ, ಹಾಡು, ಕಣ್ಣೀರು ಎಲ್ಲಾ ಸೇರಿ ಮಧ್ಯರಾತ್ರಿವರೆಗೂ ನಡೀತು. ತನ್ನ ಪೂರ್ತಿ ಶಿಕ್ಷೆ ಮುಗಿಸಿ ಐದು ದಿನ ತಡವಾಗಿ ಬಂದ ಬುಶ್‌ನೆಲ್‌ಗೂ ಅದೇ ಥರ ಸ್ವಾಗತ ಸಿಕ್ಕಿತು.

ಒಳ್ಳೆ ಸುದ್ದಿಯ ಬೆಲೆ

ಇಲ್ಲಿಗೇ ನಿಲ್ಲಿಸಿದರೆ ಇದು ಸಿನಿಮಾ ಆಗುತ್ತೆ, ಇತಿಹಾಸ ಆಗಲ್ಲ. ಆರೋಪಿಗಳಲ್ಲಿ ಒಬ್ಬರಾಗಿದ್ದ, ಓಬರ್ಲಿನ್‌ನಲ್ಲಿ ಓದಿದ್ದ ಬಡಗಿ ಜಾನ್ ಕೋಪ್‌ಲ್ಯಾಂಡ್ ಅದೇ ಅಕ್ಟೋಬರ್‌ನಲ್ಲಿ ಹಾರ್ಪರ್ಸ್ ಫೆರಿಯಲ್ಲಿ ಜಾನ್ ಬ್ರೌನ್ ಎಬ್ಬಿಸಿದ ದಂಗೆ ಸೇರಿದರು. ಜೀನು ಹೊಲಿಯೋ ಲೂಯಿಸ್ ಲಿಯರಿ ಕೂಡ ಈ ಊರಿಂದಲೇ ಹೋದವರು. ಲಿಯರಿ ಗುಂಡೇಟಿಗೆ ಸತ್ತರು. ಕೋಪ್‌ಲ್ಯಾಂಡ್‌ರನ್ನ ಡಿಸೆಂಬರ್ 16ರಂದು ನೇಣಿಗೆ ಹಾಕಿದರು. ಮಗನ ಶವವನ್ನಾದರೂ ತಂದುಕೊಡಿ ಅಂತ ಅವರ ಅಪ್ಪ ಅಮ್ಮ ಬೇಡಿಕೊಂಡಾಗ, ಓಬರ್ಲಿನ್‌ನ ಪ್ರೊಫೆಸರ್ ಜೇಮ್ಸ್ ಮನ್ರೋ ವರ್ಜೀನಿಯಾದವರೆಗೂ ಹೋದರು. ಬರಿಗೈಯಲ್ಲಿ ವಾಪಸ್ ಬಂದರು.

ಲಿಯರಿಯವರ ಹೆಂಡತಿ ಮೇರಿ ಆಮೇಲೆ ಚಾರ್ಲ್ಸ್ ಲ್ಯಾಂಗ್‌ಸ್ಟನ್‌ರನ್ನ ಮದುವೆಯಾದರು. ಅವರ ಮಗಳ ಮಗನ ಹೆಸರು ನೀವು ಕೇಳಿರಬಹುದು: ಕವಿ ಲ್ಯಾಂಗ್‌ಸ್ಟನ್ ಹ್ಯೂಸ್.

ಓಬರ್ಲಿನ್ ದೇವರ ಊರೇನಲ್ಲ. ಇಪ್ಪತ್ತು ಡಾಲರ್‌ಗೆ ಮನುಷ್ಯನನ್ನ ಹಿಡಿದುಕೊಟ್ಟ ಹುಡುಗನೂ ಅಲ್ಲಿಯ ಸುತ್ತಮುತ್ತಲಿನವನೇ. 1835ರಲ್ಲಿ ‘ಬೇಡ’ ಅಂದವರೂ ಅಲ್ಲಿನವರೇ. ಆದರೆ ಒಂದೇ ಒಂದು ಮತದಿಂದ ತೆರೆದ ಬಾಗಿಲೊಳಗೆ ಇಪ್ಪತ್ಮೂರು ವರ್ಷ ಜನ ಒಟ್ಟಿಗೆ ಓದಿ, ಒಟ್ಟಿಗೆ ಬದುಕಿದರು. ಹಾಗಾಗಿ ‘ಜಾನ್‌ನ ಹಿಡ್ಕೊಂಡು ಹೋದ್ರು’ ಅಂತ ಸುದ್ದಿ ಬಂದಾಗ ‘ಯಾವ ಜಾನ್?’ ಅಂತ ಕೇಳ್ತಾ ನಿಲ್ಲೋ ಪರಿಸ್ಥಿತಿ ಆ ಊರಿಗೆ ಬರಲಿಲ್ಲ. ಅವನು ಊರಿನ ಹುಡುಗ ಆಗಿದ್ದ.

ಇವತ್ತು ಆ ಕಾಲೇಜಿನ ಒಂದು ಹಾಸ್ಟೆಲ್ ಮುಂದೆ ನೆಲದೊಳಗಿಂದ ಎದ್ದು ಆಕಾಶದ ಕಡೆ ಏರೋ ರೈಲು ಹಳಿಯ ತುಂಡೊಂದಿದೆ. 1977ರಲ್ಲಿ ಒಬ್ಬ ವಿದ್ಯಾರ್ಥಿ ಮಾಡಿದ ಶಿಲ್ಪ ಅದು. ಪಕ್ಕದಲ್ಲೇ ತರಗತಿಗೆ ತಡವಾಯ್ತು ಅಂತ ಹುಡುಗ ಹುಡುಗಿಯರು ಓಡ್ತಾ ಇರ್ತಾರೆ.

ಇವತ್ತಿಗೆ ಇಷ್ಟು. ನಿಮ್ಮ ಕಾಲೇಜು ಊರಲ್ಲೂ ಜನ ಒಟ್ಟಾಗಿ ನಿಂತ ಕತೆ ಇದ್ರೆ, ಊರಿನ ಹಿರಿಯರ ಹತ್ತಿರ ಕೂತು ಒಮ್ಮೆ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮತ್ತೆ ಸಿಗೋಣ.