ಗುಂತಕಲ್ಲಿನ ಕಲ್ಲಿದ್ದಲು ಯಾರ್ಡು: ಹೊಗೆ ಹೋಯಿತು, ನೆನಪೂ ಹೋಗಬೇಕೆ?

ನಮ್ಮ ಆದವಾನಿ, ಆಲೂರು, ಉರವಕೊಂಡ, ರಾಯದುರ್ಗ ಕಡೆಯ ಮಕ್ಕಳಿಗೆ ಇತಿಹಾಸವೆಂದರೆ ಹಂಪಿ, ಪೆನುಗೊಂಡೆ, ಗುತ್ತಿಯ ಕೋಟೆ. ಅವೆಲ್ಲ ತಿಳಿಯಬೇಕಾದವೇ. ಆದರೆ ನಮ್ಮ ಅಜ್ಜಂದಿರು ಹೊಟ್ಟೆ ಹೊರೆದುಕೊಂಡದ್ದು ಕೋಟೆಯಿಂದಲ್ಲ. ಒಂದು ಕಾಲು ಹೊಲದಲ್ಲಿ, ಇನ್ನೊಂದು ಕಾಲು ರೈಲ್ವೆಯಲ್ಲಿ ಇಟ್ಟು ಬದುಕಿದ ಮನೆಗಳು ನಮ್ಮ ಭಾಗದಲ್ಲಿ ಬಹಳ. ಆ ಬದುಕಿನ ನಡುಮನೆಯಾಗಿದ್ದದ್ದು ಗುಂತಕಲ್ಲು ಜಂಕ್ಷನ್ನು, ಅಲ್ಲಿನ ಉಗಿ ಇಂಜಿನ್ನಿನ ಶೆಡ್ಡು, ಕಲ್ಲಿದ್ದಲಿನ ಯಾರ್ಡು. ಇಂದು ಅಲ್ಲಿ ಕಲ್ಲಿದ್ದಲಿನ ರಾಶಿಯೂ ಇಲ್ಲ, ಹೊಗೆಯೂ ಇಲ್ಲ. ಅದರ ಕಥೆಯನ್ನಾದರೂ ನಮ್ಮ ಶಾಲೆಯ ಮಕ್ಕಳು ತಿಳಿಯಲಿ ಎಂದು ಈ ಲೇಖನ.

ರೈಲು ಬಂದ ಬಗೆ

ಮದ್ರಾಸ್ ರೈಲ್ವೆ ಕಂಪನಿ ತನ್ನ ಮೊದಲ ರೈಲನ್ನು ಓಡಿಸಿದ್ದು 1856ರಲ್ಲಿ, ಮದ್ರಾಸಿನ ರಾಯಪುರದಿಂದ. ಬೊಂಬಾಯಿ ಕಡೆಯಿಂದ ಜಿ.ಐ.ಪಿ. ರೈಲ್ವೆ ಸೊಲ್ಲಾಪುರ ಮುಟ್ಟಿದ್ದು 1860ರಲ್ಲಿ. ಎರಡೂ ಕಂಪನಿಗಳ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಮದ್ರಾಸಿನಿಂದ ಕಡಪ, ಗುತ್ತಿ, ಗುಂತಕಲ್ಲು, ಆದವಾನಿ ದಾಟಿ ರಾಯಚೂರಿಗೆ ಹೋಗುವ ಈ ಹಳಿ ಬ್ರಾಡ್ ಗೇಜ್. ಅಂದರೆ ಎರಡು ಕಂಬಿಗಳ ನಡುವೆ ಐದೂವರೆ ಅಡಿ, 1676 ಮಿಲಿಮೀಟರ್.

ಐದೇ ವರ್ಷಕ್ಕೆ ಬಂತು ದೊಡ್ಡ ಬರ. 1876ರಿಂದ 1878ರವರೆಗಿನ ಈ ಬರವನ್ನು ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ನಮ್ಮ ಹಿರಿಯರು ನೆನೆಯುತ್ತಿದ್ದರು. ಅಂದಿನ ಬಳ್ಳಾರಿ ಜಿಲ್ಲೆ (ಆಗ ಅನಂತಪುರವೂ ಅದರೊಳಗೇ ಇತ್ತು, ಬೇರೆಯಾದದ್ದು 1882ರಲ್ಲಿ) ಬಹಳ ನರಳಿತು. ಮದ್ರಾಸ್ ಬಂದರಿನಲ್ಲಿ ಧಾನ್ಯ ಇಳಿದರೂ ರೈಲು ಮುಟ್ಟದ ಊರುಗಳಿಗೆ ಅದನ್ನು ಎತ್ತಿನ ಬಂಡಿಯಲ್ಲೇ ಸಾಗಿಸಬೇಕಿತ್ತು. ಮೇವು, ನೀರಿಲ್ಲದೆ ಎತ್ತುಗಳೇ ಸತ್ತರೆ ಬಂಡಿ ಎಳೆಯುವವರು ಯಾರು? ಈ ಅನುಭವದಿಂದ, ಬರ ಬೀಳುವ ಸೀಮೆಗಳಿಗೆ ರೈಲು ಹಾಕಲೇಬೇಕೆಂದು 1880ರ ಬರ ಆಯೋಗ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಖರ್ಚು ಕಡಿಮೆಯೆಂದು ಇದು ಹಾಕಿದ್ದು ಮೀಟರ್ ಗೇಜ್, ಕಂಬಿಗಳ ನಡುವೆ ಒಂದೇ ಮೀಟರ್. ಮೊದಲು ಬ್ರಾಡ್ ಗೇಜ್ ಆಗಿದ್ದ ಗುಂತಕಲ್ಲು-ಬಳ್ಳಾರಿ ಹಳಿಯೂ 1880ರ ದಶಕದಲ್ಲಿ ಮೀಟರ್ ಗೇಜಿಗೆ ಬದಲಾಯಿತು. ಮುಂದೆ ನಂದ್ಯಾಲದ ಕಡೆಗೆ ಒಂದು, ಧರ್ಮಾವರ-ಹಿಂದೂಪುರದ ಮೇಲೆ ಬೆಂಗಳೂರಿನ ಕಡೆಗೆ ಒಂದು ಮೀಟರ್ ಗೇಜ್ ಹಳಿ ಬಂದವು.

ಹೀಗೆ ಐದು ದಿಕ್ಕಿನ ಹಳಿಗಳು ಸೇರುವ ಜಾಗವಾಯಿತು ಗುಂತಕಲ್ಲು. ಅದಕ್ಕೆ ಅರಸನೂ ಇರಲಿಲ್ಲ, ಕೋಟೆಯೂ ಇರಲಿಲ್ಲ. ರೈಲೇ ಕಟ್ಟಿದ ಊರು ಅದು.

ಎರಡು ಗೇಜು, ಎರಡು ಪಟ್ಟು ಕೆಲಸ

ಎರಡು ಅಳತೆಯ ಹಳಿಗಳು ಸೇರುವ ಕಡೆ ಒಂದು ತೊಂದರೆ ಇರುತ್ತದೆ. ಈ ಹಳಿಯ ವ್ಯಾಗನ್ನು ಆ ಹಳಿಯ ಮೇಲೆ ಓಡುವುದಿಲ್ಲ. ಹತ್ತಿ, ಕಡಲೆಕಾಯಿ, ಅಕ್ಕಿ, ಉಪ್ಪು ಏನೇ ಬಂದರೂ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕು. ಕಂಪನಿಗೆ ಇದು ನಷ್ಟ, ವ್ಯಾಪಾರಿಗೆ ತಡ. ಆದರೆ ಮಳೆ ಕೈಕೊಟ್ಟ ವರ್ಷ ಹಳ್ಳಿ ಬಿಟ್ಟು ಬಂದ ಕೂಲಿಯವನಿಗೆ ಇದೇ ಅನ್ನ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಅನಂತಪುರ ಸೀಮೆಯಲ್ಲಿ ಮೋಡ ಮೋಸ ಮಾಡಿದರೂ ಯಾರ್ಡಿನಲ್ಲಿ ಕೆಲಸ ಇರುತ್ತಿತ್ತು.

ಇಂಜಿನ್ನುಗಳೂ ಎರಡು ಗಾತ್ರದವು. ಆದ್ದರಿಂದ ಅವುಗಳ ಆರೈಕೆಯ ಏರ್ಪಾಡೂ ಎರಡು ಬಗೆಯದು. 1908ರಲ್ಲಿ ಎರಡು ಕಂಪನಿಗಳು ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಹಳಬರ ಬಾಯಲ್ಲಿ ಅದು ‘ಎಂ.ಎಸ್.ಎಂ.’

ಶೆಡ್ಡಿನೊಳಗೆ ಏನು ನಡೆಯುತ್ತಿತ್ತು?

ಇಂದಿನ ಮಕ್ಕಳು ಉಗಿ ಇಂಜಿನ್ನನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದಾರೆ. ಡೀಸೆಲ್ ಇಂಜಿನ್ನಿಗೆ ಗುಂಡಿ ಒತ್ತಿದರೆ ಸಾಕು. ಉಗಿ ಇಂಜಿನ್ನು ಹಾಗಲ್ಲ, ಅದೊಂದು ಹಸು ಸಾಕಿದ ಹಾಗೆ. ಮೇವು, ನೀರು, ಸಗಣಿ ಬಳಿಯುವುದು, ಮೈ ತೊಳೆಯುವುದು, ಒಂದನ್ನೂ ತಪ್ಪಿಸುವಂತಿಲ್ಲ.

ಗಾಡಿ ತಂದ ಇಂಜಿನ್ನು ಡಬ್ಬಿಗಳಿಂದ ಬಿಡಿಸಿಕೊಂಡು ಶೆಡ್ಡಿಗೆ ಬರುತ್ತದೆ. ಮೊದಲು ಬೂದಿಗುಂಡಿಯ ಮೇಲೆ ನಿಲ್ಲುತ್ತದೆ. ಒಲೆಯಲ್ಲಿ ಕಟ್ಟಿಕೊಂಡ ಕಿಟ್ಟವನ್ನು ಉದ್ದನೆಯ ಸಲಾಕೆಯಿಂದ ಒಡೆದು, ಬೂದಿಯನ್ನು ಕೆಳಗಿನ ಗುಂಡಿಗೆ ಬೀಳಿಸುತ್ತಾರೆ. ಅದರ ಮೇಲೆ ನೀರು ಹೊಯ್ದಾಗ ಏಳುವ ಬಿಸಿ ಹಬೆಯಲ್ಲಿ ನಿಂತು ಕೆಲಸ ಮಾಡಬೇಕು, ಅದೂ ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ!

ಆಮೇಲೆ ಕಲ್ಲಿದ್ದಲು. ಮೀಟರ್ ಗೇಜಿನ ವೈ.ಪಿ., ವೈ.ಜಿ. ಇಂಜಿನ್ನುಗಳ ಟೆಂಡರು ಸುಮಾರು ಹತ್ತು ಟನ್ ಕಲ್ಲಿದ್ದಲು ಹಿಡಿಯುತ್ತಿತ್ತು. ಕ್ರೇನು ಇಲ್ಲದ ಕಡೆ ಅಷ್ಟನ್ನೂ ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ದಿಬ್ಬ ಹತ್ತಿ ಸುರಿಯಬೇಕು. ಬುಟ್ಟಿಗೆ 25 ಕಿಲೋ ಎಂದು ಹಿಡಿದರೂ ಹತ್ತು ಟನ್ನಿಗೆ ನಾನೂರು ಬುಟ್ಟಿ ಆಯಿತು. ಇದು ಒಂದು ಇಂಜಿನ್ನಿನ ಲೆಕ್ಕ. ಮಕ್ಕಳೇ, ನೀವೇ ಗುಣಿಸಿ ನೋಡಿ.

ಆಮೇಲೆ ನೀರು. ಟೆಂಡರಿಗೆ ಸುಮಾರು 13 ಸಾವಿರ ಲೀಟರು. ಊರಿಗೇ ಕುಡಿಯಲು ನೀರಿಲ್ಲದ ಸೀಮೆಯಲ್ಲಿ ಇಂಜಿನ್ನಿಗೆ ನೀರು ಹೊಂದಿಸುವುದು ಚಿಕ್ಕ ಮಾತಲ್ಲ. ನಮ್ಮ ನೆಲದ ಗಡಸು ನೀರು ಕಾದಾಗ ಬಾಯ್ಲರಿನ ಒಳಗೆ ಬಿಳಿಯ ಪದರ ಕಟ್ಟುತ್ತದೆ, ಮನೆಯ ಹಂಡೆಯಲ್ಲಿ ಕಟ್ಟುವಂತೆಯೇ. ಅದಕ್ಕೇ ಬಾಯ್ಲರನ್ನು ಆಗಾಗ ಆರಿಸಿ, ಒಳಗೆಲ್ಲ ತೊಳೆಯಬೇಕು. ಆರಿದ ಬಾಯ್ಲರಿಗೆ ಮತ್ತೆ ಬೆಂಕಿ ಹಾಕಿ ಉಗಿ ಏರಿಸಲು ಹಲವು ಗಂಟೆ ಬೇಕು. ಬೆಳಗಿನ ಗಾಡಿಗೆ ಅರ್ಧ ರಾತ್ರಿಗೇ ಒಲೆ ಹೊತ್ತಿಸುತ್ತಿದ್ದರು. ಕೊನೆಗೆ ಟರ್ನ್ ಟೇಬಲ್ಲಿನ ಮೇಲೆ ನಿಲ್ಲಿಸಿ ಇಂಜಿನ್ನಿನ ಮುಖ ತಿರುಗಿಸಿದರೆ ಅದು ಮುಂದಿನ ಗಾಡಿಗೆ ತಯಾರು.

ಈ ಕಲ್ಲಿದ್ದಲು ಎಲ್ಲಿಯದು? ಮದ್ರಾಸ್ ರೈಲ್ವೆ ಆರಂಭದಲ್ಲಿ ಹೆಚ್ಚಾಗಿ ಕಟ್ಟಿಗೆ ಸುಡುತ್ತಿತ್ತು. ನಮ್ಮ ಸುತ್ತಲಿನ ಕುರುಚಲು ಕಾಡುಗಳೂ ಆ ಒಲೆಗೆ ಹೋದವು. ನಿಜಾಮರ ಸೀಮೆಯ ಸಿಂಗರೇಣಿಯಲ್ಲಿ 1880ರ ದಶಕದ ಕೊನೆಗೆ ಗಣಿ ಆರಂಭವಾದ ಮೇಲೆ ದಕ್ಷಿಣದ ರೈಲುಗಳಿಗೆ ಹತ್ತಿರದಲ್ಲೇ ಕಲ್ಲಿದ್ದಲು ಸಿಕ್ಕಿತು. ಇಂದು ನಾವು ನೋಡುವ ಬೋಳು ಗುಡ್ಡಗಳ ಹಿಂದೆ ರೈಲಿನ ಹಸಿವೂ ಒಂದು ಕಾರಣ ಎಂಬುದನ್ನು ಮರೆಯಬಾರದು.

ಯಾರ್ಡಿನ ಜನ

ಶೆಡ್ಡಿಗೂ ಜಾತಿ ಪದ್ಧತಿಯಂಥ ಮೆಟ್ಟಿಲುಗಳಿದ್ದವು. ಕ್ಲೀನರ್ ಆಗಿ ಸೇರಿದವನು ಫೈರ್‌ಮನ್ ಆಗಬೇಕು, ಆಮೇಲೆ ಶಂಟರ್, ಆಮೇಲೆ ಗೂಡ್ಸ್ ಡ್ರೈವರ್, ಪ್ಯಾಸೆಂಜರ್ ಡ್ರೈವರ್. ಬ್ರಿಟಿಷರ ಕಾಲದಲ್ಲಿ ಮೇಲ್ ಗಾಡಿಯ ಡ್ರೈವರ್ ಕೆಲಸ ಹೆಚ್ಚಾಗಿ ಯುರೋಪಿಯನ್ನರಿಗೆ, ಆಂಗ್ಲೋ ಇಂಡಿಯನ್ನರಿಗೆ. ಎಲ್ಲರಿಗಿಂತ ಕೆಳಗಿನವರು ಬುಟ್ಟಿ ಹೊರುವವರು, ಬೂದಿ ಎತ್ತುವವರು. ಅವರ ಕೂಲಿ ಬಹಳ ಕಡೆ ಕಂತ್ರಾಟುದಾರನ ಕೈಯಲ್ಲಿ. ಬೂದಿಯ ರಾಶಿಯಲ್ಲಿ ಅರೆಬೆಂದ ಕಲ್ಲಿದ್ದಲು ಆಯ್ದು ಮನೆಯ ಒಲೆಗೆ ಒಯ್ಯುತ್ತಿದ್ದ ಹೆಂಗಸರು, ಮಕ್ಕಳು ಯಾವ ಲೆಕ್ಕದಲ್ಲೂ ಇರಲಿಲ್ಲ.

ರಾತ್ರಿ ಡ್ಯೂಟಿಗೆ ಡ್ರೈವರನನ್ನು ಮನೆಗೇ ಬಂದು ಎಬ್ಬಿಸಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಹೋಗುವ ‘ಕಾಲ್ ಬಾಯ್’ ಇರುತ್ತಿದ್ದ. ಹೆಸರು ಬಾಯ್, ಆದರೆ ತಲೆ ನರೆತವನೂ ಕಾಲ್ ಬಾಯ್! ಹೋದವರು ಯಾವಾಗ ಬರುತ್ತಾರೆಂಬುದು ಮನೆಯವರಿಗೆ ತಿಳಿಯುತ್ತಿರಲಿಲ್ಲ. ಹದಿನಾಲ್ಕು ಗಂಟೆ, ಅದಕ್ಕೂ ಹೆಚ್ಚು ಹೊತ್ತು ಇಂಜಿನ್ನಿನ ಮೇಲೆ ನಿಂತವರಿದ್ದರು. ಈ ದುಡಿಮೆಯ ಹೊತ್ತಿಗೆ ಮಿತಿ ಬೇಕೆಂದೇ 1973ರಲ್ಲಿ ದೇಶದ ಲೋಕೋ ನೌಕರರು ಮುಷ್ಕರ ಹೂಡಿದರು. 1974ರ ಮೇ ತಿಂಗಳ ದೊಡ್ಡ ರೈಲ್ವೆ ಮುಷ್ಕರದ ಬೇಡಿಕೆಗಳಲ್ಲೂ ಅದು ಸೇರಿತ್ತು.

ಮಾತು? ಒಬ್ಬನದು ಕನ್ನಡ, ಒಬ್ಬನದು ತೆಲುಗು, ಒಬ್ಬನದು ತಮಿಳು, ಒಬ್ಬನದು ಉರ್ದು. ಕಲ್ಲಿದ್ದಲಿಗೆ ‘ಬೊಗ್ಗು’ ಎಂದರೂ ಸರಿ, ‘ಕೋಲು’ ಎಂದರೂ ಸರಿ. ಕೆಲಸ ನಡೆಯುತ್ತಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು. ಬೀಗರು ಆಚೆ, ಹೊಲ ಈಚೆ ಆಯಿತು. ಆದರೆ ಬಳ್ಳಾರಿ-ಗುಂತಕಲ್ಲು ಗಾಡಿ ಮಾತ್ರ ಎಂದಿನಂತೆ ಓಡಿತು. 1956ರಲ್ಲಿ ಗುಂತಕಲ್ಲು ದಕ್ಷಿಣ ರೈಲ್ವೆಯ ವಿಭಾಗ ಕೇಂದ್ರವಾಯಿತು. 1977ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೆ ಸೇರಿತು.

ಹಂಪಣ್ಣನ ಕಲ್ಲು

ಗುಂತಕಲ್ಲಿನ ರೈಲ್ವೆಯಲ್ಲಿ ಒಬ್ಬ ಬಡವನ ಹೆಸರು ಮಾತ್ರ ಉಳಿದಿದೆ. ಅವನು ಗೇಟ್‌ಮನ್ ಹಂಪಣ್ಣ. 1893ರ ಅಕ್ಟೋಬರಿನಲ್ಲಿ ಬಿಳಿ ಸೋಲ್ಜರುಗಳು ಇಬ್ಬರು ಹೆಂಗಸರ ಬೆನ್ನು ಹತ್ತಿದಾಗ ಅವರಿಗೆ ಆಸರೆ ಕೊಟ್ಟು ಅಡ್ಡ ನಿಂತವನು ಇವನು. ಗುಂಡಿಗೆ ಬಲಿಯಾದ. ಗುತ್ತಿಯ ಪಿ. ಕೇಶವ ಪಿಳ್ಳೆಯವರು ಈ ಅನ್ಯಾಯವನ್ನು ಪತ್ರಿಕೆಯ ಮೂಲಕ ಬಯಲಿಗೆ ತಂದರು. ಕೊಂದವನಿಗೆ ಶಿಕ್ಷೆಯಾಗಲಿಲ್ಲ. ಆದರೆ ಜನ ಚಂದಾ ಎತ್ತಿ ಹಂಪಣ್ಣನಿಗೆ ಸ್ಮಾರಕದ ಕಲ್ಲು ನೆಡಿಸಿದರು. ಅದರಿಂದಲೇ ಅವನ ಹೆಸರು ಇಂದಿಗೂ ನಮಗೆ ಗೊತ್ತು. ನಾನೂರು ನಾನೂರು ಬುಟ್ಟಿ ಹೊತ್ತವರಿಗೆ ಅಂಥ ಕಲ್ಲು ಯಾರೂ ನೆಡಲಿಲ್ಲ.

ಹೊಗೆ ಆರಿದ್ದು

1950-51ರಲ್ಲಿ ಭಾರತದ ರೈಲ್ವೆಯಲ್ಲಿ 8,120 ಉಗಿ ಇಂಜಿನ್ನುಗಳಿದ್ದರೆ ಡೀಸೆಲ್ ಇಂಜಿನ್ನು ಬರೀ 17. ಎರಡೇ ದಶಕದಲ್ಲಿ ಗಾಳಿ ತಿರುಗಿತು. ಚಿತ್ತರಂಜನ್ ಕಾರ್ಖಾನೆ 1972ರಲ್ಲಿ ಉಗಿ ಇಂಜಿನ್ನು ಕಟ್ಟುವುದನ್ನೇ ನಿಲ್ಲಿಸಿತು. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಗೇಜಿಗೆ ತರುವ ಯೋಜನೆ ಬಂದು, ನಮ್ಮ ಕಡೆ ಉಳಿದಿದ್ದ ಮೀಟರ್ ಗೇಜೂ ಒಂದೊಂದಾಗಿ ಬ್ರಾಡ್ ಗೇಜ್ ಆಯಿತು. 1990ರ ದಶಕ ಮುಗಿಯುವಷ್ಟರಲ್ಲಿ ಉಗಿಯ ಕಾಲವೂ ಮುಗಿದಿತ್ತು, ಬೆಟ್ಟದ ರೈಲಿನಂಥ ಕೆಲವು ಕಡೆ ಬಿಟ್ಟು. ಸಾಮಾನು ಇಳಿಸಿ ಹೇರುವ ಕೆಲಸ ಹೋಯಿತು, ಬೂದಿಗುಂಡಿ ಹೋಯಿತು, ಕಾಲ್ ಬಾಯ್ ಹೋದ. ಈಗ ಕರೆಂಟಿನ ಇಂಜಿನ್ನುಗಳು ಸದ್ದಿಲ್ಲದೆ ಓಡುತ್ತವೆ.

ಹೊಗೆ ಹೋದದ್ದಕ್ಕೆ ಅಳಬೇಕಿಲ್ಲ. ಆ ಧೂಳು ಎಷ್ಟು ಜನರ ಎದೆಯನ್ನು ಹಾಳು ಮಾಡಿತೋ! ಅಷ್ಟು ಕಷ್ಟದ ಕೆಲಸ ಮತ್ತೆ ಬರುವುದೂ ಬೇಡ. ಆದರೆ ಆ ಕೆಲಸ ಮಾಡಿದವರು ಇದ್ದರು ಎಂಬುದಾದರೂ ಉಳಿಯಬೇಡವೇ? ಡ್ರೈವರು, ಗಾರ್ಡುಗಳ ಹೆಸರು ರೈಲ್ವೆಯ ದಫ್ತರದಲ್ಲಿ ಇರಬಹುದು. ಕಂತ್ರಾಟಿನ ಕೂಲಿಯವರ ಹೆಸರು ಅವರ ಮನೆಯವರ ನೆನಪಿನಲ್ಲಿ ಮಾತ್ರ. ಉಗಿ ಶೆಡ್ಡಿನಲ್ಲಿ ಹರೆಯ ಕಳೆದವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ.

ಆದ್ದರಿಂದ ಗಡಿನಾಡಿನ ಕನ್ನಡ ಶಾಲೆಗಳ ಶಿಕ್ಷಕ ಮಿತ್ರರಲ್ಲಿ, ಪೋಷಕರಲ್ಲಿ ಒಂದು ವಿನಂತಿ. ಏಳನೆಯ ತರಗತಿ ದಾಟಿದ ಮಕ್ಕಳ ಕೈಗೆ ಒಂದು ನೋಟ್ ಬುಕ್ ಕೊಡಿ. ಮನೆಯಲ್ಲಿ, ಕೇರಿಯಲ್ಲಿ ರೈಲ್ವೆ ಕೆಲಸ ಮಾಡಿದ ಅಜ್ಜ, ಅವ್ವ ಇದ್ದರೆ ನಾಲ್ಕು ಪ್ರಶ್ನೆ ಕೇಳಲಿ. ಯಾವ ಕೆಲಸ ಮಾಡಿದಿರಿ? ದಿನಕ್ಕೆ ಕೂಲಿ ಎಷ್ಟಿತ್ತು? ಜೊತೆಯಲ್ಲಿ ಯಾರು ಯಾರು ಇದ್ದರು? ಆ ಕೆಲಸದಲ್ಲಿ ಯಾವ ಯಾವ ಮಾತು ಬಳಸುತ್ತಿದ್ದಿರಿ? ಅವರು ಹೇಳಿದ್ದನ್ನು ಹೇಳಿದ ಹಾಗೆಯೇ, ತೆಲುಗು ಬೆರೆತಿದ್ದರೆ ಬೆರೆತ ಹಾಗೆಯೇ ಬರೆದುಕೊಳ್ಳಲಿ. ಹೆಸರುಗಳನ್ನು ಮಾತ್ರ ತಪ್ಪದೆ ಬರೆಯಲಿ. ಅದನ್ನು ಶಾಲೆಯ ಗೋಡೆ ಪತ್ರಿಕೆಗೆ ಹಾಕಿ, ಒಂದು ಪ್ರತಿಯನ್ನು ಶಾಲೆಯ ಬೀರುವಿನಲ್ಲಿ ಜೋಪಾನವಾಗಿ ಇಡಿ.

ಬರುವ ಬೇಸಿಗೆ ರಜೆಯೊಳಗೆ ಇದನ್ನು ಮಾಡೋಣ. ಮುಂದಿನ ವರ್ಷಕ್ಕೆ ಹೇಳುವವರು ಇರುತ್ತಾರೋ ಇಲ್ಲವೋ.